ಸದ್ದಿಲ್ಲದೆ ಸೆಕೆ ಕಳೆಯುವ ಕೊಳವೆ

ಏಪ್ರಿಲ್-ಮೇ ತಿಂಗಳ ಸೆಕೆ ಎಂದರೇನೆಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಓದುಗರಿಗೆ ವಿವರಿಸಬೇಕಾಗಿಲ್ಲ. ಉಷ್ಣತಾಮಾಪಕ 34 ಡಿಗ್ರಿ ತೋರಿಸುತ್ತಿದ್ದರೂ ಗಾಳಿಯ ತೇವಾಂಶದಿಂದಾಗಿ ಮೈಯ ಬೆವರು ಆರುವುದೇ ಇಲ್ಲ. ಮನುಷ್ಯನಿಗಾದರೆ ಬೀಸಣಿಗೆ ಇದೆ, ನೀರುಮಜ್ಜಿಗೆ ಇದೆ, ಸಂಜೆ ಕಡಲ ಬದಿಯ ಗಾಳಿ ಇದೆ. ಮನೆಯ ಮೂಲೆಯಲ್ಲಿರುವ ಕಂಪ್ಯೂಟರಿಗೆ ಇರುವುದು ಅಂಗೈಯಗಲದ ಒಂದು ಫ್ಯಾನು ಮಾತ್ರ. ಸೆಕೆ ಏರಿದಂತೆಲ್ಲ ಅದು ತಿರುಗುವ ವೇಗವನ್ನು ಹೆಚ್ಚಿಸುತ್ತದೆ. ವೇಗ ಹೆಚ್ಚಿದಂತೆ ಕೂಗತೊಡಗುತ್ತದೆ.

ಈ ಕೂಗು ನಮ್ಮ ಕಡೆ ಸಣ್ಣ ತೊಂದರೆಯಲ್ಲ. ಹಳೆಯ ಹಂಚಿನ ಮನೆಗಳಲ್ಲಿ ಕೋಣೆಯ ಗೋಡೆ ಮಾಡಿನವರೆಗೆ ಏರಿರುವುದಿಲ್ಲ. ಒಂದು ಕೋಣೆಯ ಕೆಮ್ಮು ಇನ್ನೊಂದು ಕೋಣೆಗೆ ಕೇಳಿಸುವ ಮನೆಗಳವು. ಮಗ ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರಿನ ಮುಂದೆ ಕುಳಿತರೆ ಪಕ್ಕದ ಕೋಣೆಯ ಅಜ್ಜಿಗೆ ನಿದ್ದೆ ಇಲ್ಲ. ಮನೆಯಲ್ಲೇ ತಾಳಮದ್ದಳೆಯ ಅರ್ಥವನ್ನೋ ಭಾಗವತಿಕೆಯನ್ನೋ ಧ್ವನಿಮುದ್ರಣ ಮಾಡಹೊರಟವರಿಗೆ ಶ್ರುತಿಪೆಟ್ಟಿಗೆಯ ಜತೆ ಇನ್ನೊಂದು ಬೇಡದ ಶ್ರುತಿ ಸೇರಿಕೊಳ್ಳುತ್ತದೆ. ಆಗ ಅಂಗಡಿಗೆ ಹೋಗಿ ವಿಚಾರಿಸುತ್ತಾರೆ. ‘ನೀರಿನ ಕೂಲರ್ ಹಾಕಿಸಿ’ ಎಂದೋ, ‘ಇದು ಹಳತಾಯಿತು, ಹೊಸತು ತೆಗೆದುಕೊಳ್ಳಿ’ ಎಂದೋ ಸಲಹೆ ಬರುತ್ತದೆ. ಎರಡೂ ಸಾವಿರಗಟ್ಟಲೆ ಹಣದ ಮಾತು. ಆದ್ದರಿಂದ ಈ ವಾರ ಹೀಟ್ ಪೈಪ್ ಕೂಲರ್ ಎಂಬ ಸರಳ ಉಪಕರಣವನ್ನು ಪರಿಚಯ ಮಾಡಿಕೊಳ್ಳೋಣ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ, ಯಾವುದನ್ನು ಕೊಳ್ಳಬೇಕು ಎಂಬುದು ಅರ್ಧಕ್ಕರ್ಧ ತಾನಾಗಿಯೇ ಹೊಳೆಯುತ್ತದೆ.

ಉಗುರಿನಗಲದ ಒಲೆ

ಕಂಪ್ಯೂಟರಿನ ಪ್ರೊಸೆಸರ್ ಒಳಗಿರುವ ಸಿಲಿಕಾನ್ ಚೂರು ಹೆಬ್ಬೆರಳಿನ ಉಗುರಿನಷ್ಟು ಅಗಲದ್ದು. ಅದು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಸಾಧಾರಣ ಮೇಜಿನ ಕಂಪ್ಯೂಟರಿನ ಪ್ರೊಸೆಸರ್ 65 ವ್ಯಾಟಿನದ್ದು ಎಂದಿಟ್ಟುಕೊಳ್ಳಿ. ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬಲ್ಬನ್ನು ನೆನಪಿಸಿಕೊಳ್ಳಿ. ಉರಿಯುವಾಗ ಅದನ್ನು ಕೈಯಲ್ಲಿ ಮುಟ್ಟಲಾಗುತ್ತಿರಲಿಲ್ಲ. ಅಷ್ಟೇ ಶಾಖ ಉಗುರಿನಗಲದ ಜಾಗದಲ್ಲಿ ಹುಟ್ಟಿದರೆ ಏನಾದೀತು? ಶಾಖವನ್ನು ಕ್ಷಣಕ್ಷಣವೂ ಅಲ್ಲಿಂದ ಸಾಗಿಸದಿದ್ದರೆ ಪ್ರೊಸೆಸರ್ ಉಳಿಯದು. ಇಂದಿನ ಪ್ರೊಸೆಸರುಗಳು ಸಾಮಾನ್ಯವಾಗಿ 90ರಿಂದ 100 ಡಿಗ್ರಿ ತಲುಪಿದೊಡನೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ‘ಬೇಸಿಗೆಯಲ್ಲಿ ಕಂಪ್ಯೂಟರ್ ನಿಧಾನ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ಕಾರಣ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಾಳಿಯಿಂದ ತಣಿಸುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ‘ಕೋಣೆಗಿಂತ ಇಷ್ಟು ಡಿಗ್ರಿ ಹೆಚ್ಚು’ ಎಂಬುದಷ್ಟೇ ಅದರ ಲೆಕ್ಕ. ಒಂದು ಕೂಲರ್ ನಿರ್ದಿಷ್ಟ ಕೆಲಸದ ಹೊರೆಯಲ್ಲಿ ಪ್ರೊಸೆಸರನ್ನು ಕೋಣೆಗಿಂತ 40 ಡಿಗ್ರಿ ಮೇಲೆ ಹಿಡಿದಿಡುತ್ತದೆ ಎನ್ನೋಣ. 22 ಡಿಗ್ರಿಯ ತಂಪು ಕೋಣೆಯಲ್ಲಿ ಅದು 62 ಡಿಗ್ರಿ. ನಮ್ಮ ಊರಿನ 34 ಡಿಗ್ರಿಯಲ್ಲಿ 74. ಹೊರದೇಶದ ಪರೀಕ್ಷಾ ವರದಿಗಳು ಹೆಚ್ಚಾಗಿ ತಂಪು ಕೋಣೆಯಲ್ಲಿ ನಡೆಸಿದವು. ಅವುಗಳಲ್ಲಿ ಕಾಣುವ ಅಂಕಿಗೆ ಹತ್ತು-ಹನ್ನೆರಡು ಡಿಗ್ರಿ ಸೇರಿಸಿಯೇ ನಾವು ಓದಿಕೊಳ್ಳಬೇಕು.

ತಾಮ್ರದ ಸರಳು ಸಾಲದೇ?

ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ತಾಮ್ರ ಒಳ್ಳೆಯ ಲೋಹ. ಮತ್ತೆ ಕೊಳವೆಯ ರಗಳೆ ಏಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಲೆಕ್ಕ ಮಾಡಿ ನೋಡೋಣ. ಆರು ಮಿಲಿಮೀಟರ್ ವ್ಯಾಸದ, 15 ಸೆಂಟಿಮೀಟರ್ ಉದ್ದದ ಗಟ್ಟಿ ತಾಮ್ರದ ಸರಳೊಂದರ ಮೂಲಕ 30 ವ್ಯಾಟ್ ಶಾಖವನ್ನು ಸಾಗಿಸಬೇಕು. ತಾಮ್ರದ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 400 ವ್ಯಾಟ್. ಪ್ರೌಢಶಾಲೆಯ ಸೂತ್ರ ಹಾಕಿದರೆ, ಸರಳಿನ ಎರಡು ತುದಿಗಳ ನಡುವೆ ಬೇಕಾಗುವ ಉಷ್ಣತೆಯ ಅಂತರ ಸುಮಾರು 400 ಡಿಗ್ರಿ! ಅಂದರೆ ಗಟ್ಟಿ ತಾಮ್ರವನ್ನು ನಂಬಿ ಕುಳಿತರೆ ಪ್ರೊಸೆಸರ್ ಎಂದೋ ಸುಟ್ಟುಹೋಗಿರುತ್ತದೆ. ಅದೇ ಅಳತೆಯ ಹೀಟ್ ಪೈಪು ಅಷ್ಟೇ ಶಾಖವನ್ನು ಕೆಲವೇ ಡಿಗ್ರಿಗಳ ಅಂತರದಲ್ಲಿ ಸಾಗಿಸಿಬಿಡುತ್ತದೆ. ಅದು ಟೊಳ್ಳು ಕೊಳವೆ ಎಂಬುದನ್ನು ಮರೆಯಬಾರದು.

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಕಡುಬು ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದು ನೋಡಿ. ತಳದಲ್ಲಿ ನೀರು ಹಬೆಯಾಗುತ್ತದೆ, ಹಬೆ ಮೇಲೇರುತ್ತದೆ, ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿ ತೊಟ್ಟಿಕ್ಕುತ್ತದೆ. ನೀರು ಹಬೆಯಾಗುವಾಗ ಅಪಾರ ಶಾಖವನ್ನು ಹೀರಿಕೊಂಡಿರುತ್ತದೆ. ಇದನ್ನೇ ಗುಪ್ತೋಷ್ಣ ಎನ್ನುತ್ತೇವೆ. ಹಬೆ ಮತ್ತೆ ನೀರಾಗುವಲ್ಲಿ ಆ ಶಾಖವೆಲ್ಲ ಹೊರಬೀಳುತ್ತದೆ. ಕುದಿನೀರು ಸಿಡಿದುದಕ್ಕಿಂತ ಹಬೆ ತಾಗಿದ ಸುಟ್ಟಗಾಯ ಉರಿಯುವುದು ಇದಕ್ಕೇ.

ಹೀಟ್ ಪೈಪಿನೊಳಗೂ ನಡೆಯುವುದು ಇಷ್ಟೇ. ತಾಮ್ರದ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರತೆಗೆದು, ಬಹಳ ಸ್ವಲ್ಪ ಶುದ್ಧ ನೀರು ಬಿಟ್ಟು, ಎರಡೂ ತುದಿ ಭದ್ರವಾಗಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡ ಇಲ್ಲದ ಕಾರಣ ಒಳಗಿನ ನೀರು ನೂರು ಡಿಗ್ರಿಗೆ ಕಾಯಬೇಕಾಗಿಲ್ಲ. ಕೊಡಚಾದ್ರಿಯ ತುದಿ ಸಮುದ್ರಮಟ್ಟದಿಂದ 1343 ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಹಾಕ್ಕೆ ಇಟ್ಟ ನೀರು 95-96 ಡಿಗ್ರಿಗೇ ಕುದಿಯುತ್ತದೆ. ಒತ್ತಡವನ್ನು ವಾಯುಮಂಡಲದ ಹದಿನಾಲ್ಕನೆಯ ಒಂದು ಪಾಲಿಗೆ ಇಳಿಸಿದರೆ ನೀರು 40 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಪ್ರೊಸೆಸರ್ ತುಸು ಬೆಚ್ಚಗಾದರೆ ಸಾಕು, ಆ ತುದಿಯ ನೀರು ಹಬೆಯಾಗಿ ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ಸಾಲಿಗೆ ಶಾಖ ಒಪ್ಪಿಸಿ ನೀರಾಗುತ್ತದೆ. ಫ್ಯಾನು ಆ ಹಾಳೆಗಳಿಗೆ ಗಾಳಿ ಬೀಸುತ್ತದೆ.

ನೀರು ಹಿಂದಕ್ಕೆ ಬರುವುದು ಹೇಗೆ? ದೇವರ ಮುಂದಿನ ನಂದಾದೀಪವನ್ನು ನೋಡಿ. ಎಣ್ಣೆ ಬತ್ತಿಯನ್ನು ತಾನಾಗಿಯೇ ಏರುತ್ತದೆ. ಕೊಳವೆಯ ಒಳಮೈಗೆ ಬೆಸೆದ ತಾಮ್ರದ ಪುಡಿಯ ಪದರವೊಂದಿರುತ್ತದೆ. ಅದೇ ಇಲ್ಲಿ ಬತ್ತಿ. ಲೋಮನಾಳ ಕ್ರಿಯೆಯಿಂದ ನೀರು ಅದರೊಳಗೆ ಹರಿದು ಬಿಸಿ ತುದಿಗೆ ಮರಳುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಸವೆಯುವ ಭಾಗವಿಲ್ಲ, ಸದ್ದಿಲ್ಲ. 30 ವ್ಯಾಟ್ ಸಾಗಿಸಲು ನಿಮಿಷಕ್ಕೆ ಮುಕ್ಕಾಲು ಗ್ರಾಂ ನೀರು ಹಬೆಯಾದರೆ ಸಾಕು. ಅದೇ ಚಿಟಿಕೆ ನೀರು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ.

‘ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ನೀರಿನ ಕೂಲರ್ ಕೆಲಸ ಮಾಡುವುದಿಲ್ಲವಲ್ಲ’ ಎಂಬ ಶಂಕೆ ಕೆಲವರಿಗೆ ಬರಬಹುದು. ಬಯಲುಸೀಮೆಯಲ್ಲಿ ಬಳಸುವ, ಹುಲ್ಲಿನ ಚಾಪೆಗೆ ನೀರು ಬಿಡುವ ಏರ್ ಕೂಲರ್ ಇಲ್ಲಿ ಸೋಲುವುದು ನಿಜ. ಗಾಳಿ ಮೊದಲೇ ತೇವದಿಂದ ತುಂಬಿರುವಾಗ ನೀರು ಆರುವುದೆಲ್ಲಿಂದ? ಆದರೆ ಹೀಟ್ ಪೈಪಿನ ನೀರು ಬಿಗಿಯಾಗಿ ಮುಚ್ಚಿದ ಕೊಳವೆಯೊಳಗಿನದು. ಅದಕ್ಕೂ ಹೊರಗಿನ ತೇವಾಂಶಕ್ಕೂ ಸಂಬಂಧವಿಲ್ಲ.

ರೊಟ್ಟಿಯ ಒಲೆಯಿಂದ ಉಪಗ್ರಹದವರೆಗೆ

ಈ ಕೊಳವೆಯ ಪೂರ್ವಿಕ ಕಂಪ್ಯೂಟರಿಗಿಂತ ಬಹಳ ಹಿಂದಿನವನು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪರ್ಕಿನ್ಸ್ ಮನೆತನದವರು ನೀರು ತುಂಬಿ ಮುಚ್ಚಿದ ಕಬ್ಬಿಣದ ಕೊಳವೆಗಳಿಂದ ರೊಟ್ಟಿಯ ಒಲೆಗಳಿಗೆ ಶಾಖ ಸಾಗಿಸುತ್ತಿದ್ದರು. ಅದಕ್ಕೆ ಬತ್ತಿ ಇರಲಿಲ್ಲ. ನೀರು ತೂಕದಿಂದಲೇ ಕೆಳಗಿಳಿಯಬೇಕಿತ್ತು. ಬತ್ತಿಯ ಉಪಾಯವನ್ನು ಸೇರಿಸಿ 1942ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವರು ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಗಾಗ್ಲರ್. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1963ರಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ಮತ್ತೆ ರೂಪಿಸಿ, ‘ಹೀಟ್ ಪೈಪ್’ ಎಂಬ ಹೆಸರನ್ನೂ ಕೊಟ್ಟರು. 1967ರಲ್ಲಿ ಅದು ಬಾಹ್ಯಾಕಾಶದಲ್ಲಿ ಪರೀಕ್ಷೆಗೊಳಗಾಯಿತು. 1977ರಲ್ಲಿ ಪೂರ್ಣಗೊಂಡ ಅಲಾಸ್ಕದ ತೈಲ ಕೊಳವೆಮಾರ್ಗದಲ್ಲಂತೂ ಒಂದು ಲಕ್ಷಕ್ಕೂ ಹೆಚ್ಚು ಶಾಖಕೊಳವೆಗಳು ಕಂಬಗಳ ಕೆಳಗಿನ ಹಿಮಗಟ್ಟಿದ ನೆಲ ಕರಗದಂತೆ ಕಾಯುತ್ತಿವೆ.

ಉಪಗ್ರಹದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅಲ್ಲಿ ಗಾಳಿಯೇ ಇಲ್ಲ. ಫ್ಯಾನು ಬೀಸುವುದಾದರೂ ಏನನ್ನು? ಬಿಸಿಲಿಗೆ ಮುಖಮಾಡಿದ ಬದಿ ಸುಡುತ್ತಿದ್ದರೆ ನೆರಳಿನ ಬದಿ ಮರಗಟ್ಟುತ್ತದೆ. ಅಮೋನಿಯಾ ತುಂಬಿದ ಅಲ್ಯೂಮಿನಿಯಂ ಹೀಟ್ ಪೈಪುಗಳು ಇಸ್ರೋದ ಸಂಪರ್ಕ ಉಪಗ್ರಹಗಳಲ್ಲೂ ಶಾಖವನ್ನು ಸಮನಾಗಿ ಹಂಚುತ್ತವೆ. ನಮ್ಮದೇ ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದ ನಿರ್ಮಾಣದ ನೇತೃತ್ವ ವಹಿಸಿದ್ದ ಪ್ರೊ. ಯು. ಆರ್. ರಾವ್ ಅವರ ಹೆಸರನ್ನು ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಇಡಲಾಯಿತು. ಆ ಕೇಂದ್ರದ ಉಪಗ್ರಹಗಳನ್ನು ಕಾಯುವ ತತ್ತ್ವವೂ ನಿಮ್ಮ ಮನೆಯ ಕಂಪ್ಯೂಟರನ್ನು ಕಾಯುವ ತತ್ತ್ವವೂ ಒಂದೇ ಎಂಬುದನ್ನು ಮಕ್ಕಳಿಗೆ ಹೇಳಬಹುದು.

ಸದ್ದಿನ ಲೆಕ್ಕ

ಹೀಟ್ ಪೈಪು ಮೂಕ. ಸದ್ದು ಮಾಡುವುದು ಅದಕ್ಕೆ ಕಟ್ಟಿದ ಫ್ಯಾನು. ಆದ್ದರಿಂದ ಸದ್ದಿಲ್ಲದ ಕೂಲರ್ ಬೇಕೆಂದರೆ ಫ್ಯಾನಿನ ಗಾತ್ರ, ವೇಗ ಇವೆರಡನ್ನು ನೋಡಬೇಕು. ಮನೆಯ ಸೀಲಿಂಗ್ ಫ್ಯಾನು ನಿಧಾನಕ್ಕೆ ತಿರುಗಿ ಇಡೀ ಕೋಣೆಗೆ ಗಾಳಿ ಕೊಡುತ್ತದೆ. ಅಡುಗೆಮನೆಯ ಪುಟ್ಟ ಎಕ್ಸಾಸ್ಟ್ ಫ್ಯಾನು ರಭಸದಿಂದ ತಿರುಗಿ ಕಿವಿ ಕೊರೆಯುತ್ತದೆ. ಇಲ್ಲಿಯೂ ಅದೇ ನ್ಯಾಯ. ಒಂದೇ ಆಕಾರದ ಫ್ಯಾನುಗಳಲ್ಲಿ, ಒಂದೇ ವೇಗದಲ್ಲಿ, ಗಾಳಿಯ ಪ್ರಮಾಣ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. 80 ಮಿಲಿಮೀಟರಿನ ಫ್ಯಾನು ನಿಮಿಷಕ್ಕೆ 3000 ಸುತ್ತು ತಿರುಗಿ ಕೊಡುವ ಗಾಳಿಯನ್ನು 120 ಮಿಲಿಮೀಟರಿನದ್ದು ಸುಮಾರು 900 ಸುತ್ತಿನಲ್ಲೇ ಕೊಡಬಲ್ಲದು. ಇನ್ನು ಸದ್ದು. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಅಂದರೆ 15 ಡೆಸಿಬೆಲ್ ಎಂಬುದು ಸಣ್ಣ ಲಾಭವಲ್ಲ.

ಡೆಸಿಬೆಲ್ಲಿನದ್ದು ಸಾಮಾನ್ಯ ಕೂಡುವ ಲೆಕ್ಕವಲ್ಲ ಎಂಬುದೂ ನೆನಪಿರಲಿ. 30 ಡೆಸಿಬೆಲ್ಲಿನ ಎರಡು ಫ್ಯಾನು ಸೇರಿದರೆ 60 ಆಗುವುದಿಲ್ಲ, 33 ಆಗುತ್ತದೆ. ಹಾಗಾಗಿ ಒಂದು ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ಎರಡನ್ನು ನಿಧಾನವಾಗಿ ಓಡಿಸುವುದು ಲೇಸು. ಪೆಟ್ಟಿಗೆಯ ಮೇಲೆ ಅಚ್ಚಾದ ಡೆಸಿಬೆಲ್ ಸಂಖ್ಯೆಯನ್ನು ಮಾತ್ರ ಬೇರೆ ಕಂಪೆನಿಯದರ ಜತೆ ಹೋಲಿಸಿ ತೀರ್ಮಾನಿಸಬೇಡಿ. ಅಳೆದ ದೂರ, ಅಳೆದ ರೀತಿ ಒಬ್ಬೊಬ್ಬರದು ಒಂದೊಂದು.

ಕೊಳ್ಳುವ ಮುನ್ನ

ಮೊದಲ ಪ್ರಶ್ನೆ: ಹೊಸ ಕೂಲರ್ ನಿಜವಾಗಿ ಬೇಕೇ? ಬೈಂದೂರು ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ಕಂಪ್ಯೂಟರ್ ಅಕ್ಕಿ ಗಿರಣಿಯಂತೆ ಸದ್ದು ಮಾಡುತ್ತಿತ್ತು. ತಂದೆ ಮೀನುಗಾರಿಕೆ ಬೋಟಿನಲ್ಲಿ ದುಡಿಯುವವರು. ಅಂಗಡಿಯವರು ಹೇಳಿದ ನೀರಿನ ಕೂಲರಿನ ಬೆಲೆ ಕೇಳಿ ಅವರು ಸುಮ್ಮನಾಗಿದ್ದರು. ಕ್ಯಾಬಿನೆಟ್ ಬಿಚ್ಚಿದಾಗ ಕಂಡದ್ದು ಫ್ಯಾನಿನ ಎಲೆಗಳಿಗೆ ಮೆತ್ತಿದ ಧೂಳು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ, ಪ್ರೊಸೆಸರ್ ಮೇಲೆ ಸುಣ್ಣದಂತೆ ಒಣಗಿದ ಪೇಸ್ಟು. ಶುಚಿಗೊಳಿಸಿ ಹೊಸ ಪೇಸ್ಟ್ ಹಾಕಿದೊಡನೆ ಅರ್ಧ ಸದ್ದು ಹೋಯಿತು. ಉಳಿದರ್ಧಕ್ಕೆ ನಾಲ್ಕು ಕೊಳವೆಯ ಸಾಧಾರಣ ಕೂಲರ್ ಸಾಕಾಯಿತು. ತೊಂಬತ್ತರ ಗಡಿ ಮುಟ್ಟುತ್ತಿದ್ದ ಉಷ್ಣತೆ ಎಪ್ಪತ್ತರ ಆಸುಪಾಸಿಗೆ ಬಂತು. ಆದ್ದರಿಂದ ಮೊದಲು ವಿದ್ಯುತ್ ಸಂಪರ್ಕ ತೆಗೆದು, ಬಣ್ಣ ಬಳಿಯುವ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಗಾಳಿ ಊದುವುದಾದರೆ ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ.

ಎರಡನೆಯದು ಪ್ರೊಸೆಸರಿನ ವ್ಯಾಟ್. ಉದಾಹರಣೆಗೆ ಇಂಟೆಲ್ ಕೋರ್ ಐ5-12400 ಮೂಲತಃ 65 ವ್ಯಾಟಿನದ್ದು, ಜೋರಿನಲ್ಲಿ 117 ವ್ಯಾಟಿನವರೆಗೆ ಏರುತ್ತದೆ. ಐ7-14700ಕೆ ಎಂಬುದು 125ರಿಂದ 253ಕ್ಕೆ ಏರುವಂಥದ್ದು. ಮೊದಲಿನದ್ದಕ್ಕೆ 6 ಮಿಲಿಮೀಟರಿನ ನಾಲ್ಕು ಹೀಟ್ ಪೈಪು, 120 ಮಿಲಿಮೀಟರಿನ ಒಂದು ಫ್ಯಾನು ಇರುವ ಕೂಲರ್ ಧಾರಾಳ ಸಾಕು. ಕೂಲರ್ ಮಾಸ್ಟರ್ ಹೈಪರ್ 212, ಡೀಪ್‌ಕೂಲ್ ಎಕೆ400 ಈ ವರ್ಗದವು. ಎರಡನೆಯದ್ದಕ್ಕೆ ಆರು ಪೈಪು, ಎರಡು ಗೋಪುರದ ದೊಡ್ಡ ಕೂಲರ್ ಬೇಕು. ಆಸ್ಟ್ರಿಯದ ನಾಕ್ಟುವಾ ಕಂಪೆನಿಯ ಎನ್‌ಎಚ್-ಡಿ15 ಅಂಥದ್ದು. ನಮ್ಮಲ್ಲಿ ಸೆಕೆ ಹೆಚ್ಚಿರುವುದರಿಂದ ಅಗತ್ಯಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನು ಆರಿಸಿ ನಿಧಾನವಾಗಿ ಓಡಿಸುವುದು ಜಾಣತನ.

ಮೂರನೆಯದು ಎತ್ತರ. ಎಕೆ400 ಕೂಲರಿನ ಎತ್ತರ 155 ಮಿಲಿಮೀಟರ್, ಎನ್‌ಎಚ್-ಡಿ15ರದ್ದು 165. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಇಷ್ಟು ಜಾಗ ಇರುವುದಿಲ್ಲ. ಪಕ್ಕದ ಮುಚ್ಚಳ ತೆಗೆದು, ಪ್ರೊಸೆಸರ್ ಕುಳಿತ ಮಟ್ಟದಿಂದ ಮುಚ್ಚಳದ ಅಂಚಿನವರೆಗೆ ಮಕ್ಕಳ ಸ್ಕೇಲಿನಿಂದ ಅಳೆದು, ಐದು ಮಿಲಿಮೀಟರ್ ಬಿಟ್ಟು ಲೆಕ್ಕ ಹಾಕಿ. ಪಕ್ಕದ ಮೆಮೊರಿ ಹಲಗೆಗಳಿಗೆ ಫ್ಯಾನು ತಾಗದೆಂದೂ ನೋಡಿಕೊಳ್ಳಿ.

ನಾಲ್ಕನೆಯದು ಹಿಡಿಕೆ. ಇಂಟೆಲ್‌ನ ಎಲ್‌ಜಿಎ 1200 ಸಾಕೆಟ್ಟಿನ ತೂತುಗಳ ಅಂತರ 75 ಮಿಲಿಮೀಟರ್, ಎಲ್‌ಜಿಎ 1700ರದ್ದು 78. ಮೂರೇ ಮಿಲಿಮೀಟರ್ ವ್ಯತ್ಯಾಸವಾದರೂ ಒಂದರ ಹಿಡಿಕೆ ಇನ್ನೊಂದಕ್ಕೆ ಹಾಗೆಯೇ ಕೂರದು. ಪೆಟ್ಟಿಗೆಯ ಮೇಲೆ ನಿಮ್ಮ ಸಾಕೆಟ್ಟಿನ ಹೆಸರು ಇದೆಯೇ ಎಂದು ಓದಿಯೇ ದುಡ್ಡು ಕೊಡಿ.

ಐದನೆಯದು ಫ್ಯಾನಿನ ತಂತಿ. ನಾಲ್ಕು ಪಿನ್ನಿನದ್ದಾದರೆ ಕಂಪ್ಯೂಟರ್ ಉಷ್ಣತೆಗೆ ತಕ್ಕಂತೆ ವೇಗವನ್ನು ನವಿರಾಗಿ ಹೊಂದಿಸುತ್ತದೆ. ಬಯಾಸ್ ಸೆಟ್ಟಿಂಗಿನಲ್ಲಿ 60 ಡಿಗ್ರಿಯವರೆಗೆ ಫ್ಯಾನು ನಿಧಾನವಾಗಿಯೇ ಇರುವಂತೆ ಮಾಡಿದರೆ ಪದೇಪದೇ ಏರಿಳಿಯುವ ಸದ್ದು ತಪ್ಪುತ್ತದೆ. ಒಂದೇ ಸಮನೆ ಬರುವ ಸದ್ದಿಗಿಂತ ಏರಿಳಿಯುವ ಸದ್ದೇ ನಿದ್ದೆಗೆಡಿಸುವಂಥದ್ದು.

ನೀರಿನ ಕೂಲರ್ ಕುರಿತು ಒಂದು ಮಾತು. ಬಹಳ ವ್ಯಾಟಿನ ಪ್ರೊಸೆಸರುಗಳಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಪಂಪಿದೆ. ಪಂಪಿಗೆ ಸದ್ದೂ ಇದೆ, ಆಯುಷ್ಯವೂ ಇದೆ. ರಬ್ಬರ್ ಕೊಳವೆಯ ಮೂಲಕ ನೀರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಆರುತ್ತದೆ. ಪಂಪು ನಿಂತರೆ ಇಡೀ ಉಪಕರಣವನ್ನೇ ಬದಲಿಸಬೇಕಾದೀತು. ಹೀಟ್ ಪೈಪ್ ಕೂಲರಿನಲ್ಲಿ ಕೆಡಬಹುದಾದದ್ದು ಮುಖ್ಯವಾಗಿ ಫ್ಯಾನು. ಅದನ್ನು ಕೆಲವು ನೂರು ರೂಪಾಯಿ ಕೊಟ್ಟು ಮನೆಯಲ್ಲೇ ಬದಲಿಸಬಹುದು. ದುರಸ್ತಿಗೆ ಮಂಗಳೂರು, ಬೆಂಗಳೂರು ಎಂದು ಕಳುಹಿಸಿ ವಾರಗಟ್ಟಲೆ ಕಾಯಬೇಕಾದ ನಮ್ಮಂಥ ಊರುಗಳಿಗೆ ಇದು ದೊಡ್ಡ ಅನುಕೂಲ.

ಕೊಂಡ ಮೇಲೆ

ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟು ಒಂದು ಕಡಲೆಕಾಳಿನಷ್ಟು ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪಾಗುವುದಿಲ್ಲ. ಲೋಹಕ್ಕೂ ಲೋಹಕ್ಕೂ ನಡುವಿನ ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬುವುದಷ್ಟೇ ಅದರ ಕೆಲಸ. ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಗಂಗೊಳ್ಳಿ, ಮರವಂತೆ, ಕೋಡಿಯಂಥ ಕಡಲ ಬದಿಯವರು ಉಪ್ಪುಗಾಳಿಯನ್ನೂ ಗಮನಿಸಬೇಕು. ಬರಿ ತಾಮ್ರ ಹಸಿರುಗಟ್ಟುತ್ತದೆ; ನಿಕಲ್ ಲೇಪನವಿರುವ ಕೊಳವೆಗಳು ಉತ್ತಮ. ಕಂಪ್ಯೂಟರನ್ನು ಕಡಲಿಗೆ ತೆರೆದ ಕಿಟಕಿಯ ಬಳಿ ಇಡಬೇಡಿ, ನೆಲದ ಮೇಲೂ ಇಡಬೇಡಿ. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಚಾಲೂ ಮಾಡಿದರೆ ಒಳಗಿನ ಥಂಡಿ ಆರುತ್ತದೆ. ಮಗಳೋ ಮಗನೋ ಕಾಲೇಜಿಗೆಂದು ಪಂಚಗಂಗಾ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಕಂಪ್ಯೂಟರನ್ನು ಬೆಂಗಳೂರಿಗೆ ಒಯ್ಯುವುದಾದರೆ, ಕಿಲೋಗಿಂತ ಹೆಚ್ಚು ತೂಗುವ ದೊಡ್ಡ ಕೂಲರನ್ನು ಬಿಚ್ಚಿ ಬೇರೆ ಕಟ್ಟಿ. ಘಟ್ಟದ ದಾರಿಯ ಕುಲುಕಾಟಕ್ಕೆ ಮದರ್‌ಬೋರ್ಡ್ ಬಿರಿಯುವುದುಂಟು.

ಕೊನೆಯದಾಗಿ, ಹಳೆಯ ಕೂಲರನ್ನು ಯಾರಿಂದಲಾದರೂ ಕೊಳ್ಳುವವರಿಗೆ ಒಂದು ಪರೀಕ್ಷೆ. ಹೀಟ್ ಪೈಪು ಎಲ್ಲಾದರೂ ಸೂಕ್ಷ್ಮವಾಗಿ ಸೀಳಿದ್ದರೆ ಒಳಗಿನ ನಿರ್ವಾತ ಹೋಗಿ ಅದು ಬರಿಯ ಟೊಳ್ಳು ತಾಮ್ರವಾಗಿರುತ್ತದೆ. ಹೊರನೋಟಕ್ಕೆ ಏನೂ ತಿಳಿಯದು. ಫ್ಯಾನು ಬಿಚ್ಚಿಟ್ಟು, ಕೂಲರಿನ ತಳವನ್ನು ಬಿಸಿನೀರಿನ ಬಟ್ಟಲಲ್ಲಿ ಅದ್ದಿ, ಒಂದೊಂದೇ ಕೊಳವೆಯ ಮೇಲ್ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಕೆಲವೇ ಸೆಕೆಂಡುಗಳಲ್ಲಿ ಬಿಸಿಯಾದ ಕೊಳವೆ ಜೀವಂತವಾಗಿದೆ. ತಣ್ಣಗೆ ಉಳಿದದ್ದು ಕೆಟ್ಟಿದೆ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಇದಕ್ಕೆ ಉಷ್ಣತಾಮಾಪಕವೂ ಬೇಡ, ಮೆಕ್ಯಾನಿಕನೂ ಬೇಡ. ಎಂಟನೆಯ ತರಗತಿಯ ಹುಡುಗಿಯೂ ಅಂಗಡಿಯ ಮೇಜಿನ ಮೇಲೆ ಒಂದು ಲೋಟ ಬಿಸಿನೀರು ಕೇಳಿ ಮಾಡಿ ತೋರಿಸಬಹುದು.